ಎರಡನೆಯ ಬೆಲ್ಟು

"ಏನವ್ವಾ, ಮತ್ತ ಬಾಣಂತಿ ಆದಿ ಏನ?" ಭೂಸನೂರಿನ ನಮ್ಮ ಕಟ್ಟೆಗೆ ಬಂದವರೆಲ್ಲ ನನ್ನ ಸೊಂಟ ನೋಡಿ ಕೇಳಿದ್ದು ಇಷ್ಟೇ. ಎದೆಯ ಕೆಳಗಿಂದ ತೊಡೆಯವರೆಗೆ ಬಿಗಿದ ಬೆಲ್ಟು, ಮುದುಕಿಯಂಥ ಬಾಗಿದ ನಡಿಗೆ. ಕೇಳದೆ ಏನು ಮಾಡ್ಯಾರು?

ಎರಡು ಸಿಸೇರಿಯನ್ ಆದ ಹೊಟ್ಟೆಯಲ್ಲಿ ಹರ್ನಿಯಾ ಎದ್ದಿತ್ತು. ಅದರ ಜತೆಗೇ ಜೋತ ಚರ್ಮ, ಕೊಬ್ಬನ್ನೂ ತೆಗೆಸೋಣ ಎಂದು ಹಟ ಹಿಡಿದವಳು ನಾನೇ. ಅಂದಕ್ಕೆ ಮಾಡಿಸಿಕೊಂಡೆ ಅನ್ನಲು ನನಗೇನೂ ನಾಚಿಕೆಯಿಲ್ಲ. ವಿಮಾ ಕಂಪನಿಗೆ ಮಾತ್ರ ಅದು ಪಥ್ಯವಾಗಲಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನಂಥ ಕಾರಣವಿಲ್ಲದ ಕಾಸ್ಮೆಟಿಕ್ ಸರ್ಜರಿಯನ್ನು ಪಾಲಿಸಿಗಳು ಹೊರಗಿಡುತ್ತವೆ. ಚಿಕಿತ್ಸೆಗಿಲ್ಲದ ಜಿಎಸ್‌ಟಿ ಅಂದಕ್ಕೆ ಶೇ 18 ಬೀಳುತ್ತದೆ. ಆಸ್ಪತ್ರೆಯವರು ಎರಡನ್ನೂ ಒಂದೇ ಬಿಲ್ಲಿಗೆ ಸುತ್ತಿ ಕೊಟ್ಟಿದ್ದರು. ಬೇರೆ ಮಾಡಿಸಲು ಮೂರು ಸಲ ಕಲಬುರಗಿಗೆ ಅಲೆದೆ. ಶಕ್ತಿ ಯೋಜನೆಯ ಬಸ್ಸು ಪುಕ್ಕಟೆ, ಆಟೊ ಅಲ್ಲ. ಅದಕ್ಕೂ ಮೊದಲು, ಹೊಟ್ಟೆಗೆ ಡ್ರೇನ್ ಕೊಳವೆ ಇದ್ದಾಗ, ಡ್ರೆಸ್ಸಿಂಗಿಗೆ ಎರಡು ಸಲ ಕಾರೇ ಬೇಕಾಯಿತು. ಸಲಕ್ಕೆ 2,500 ರೂಪಾಯಿ.

ಈ ಆಸ್ಪತ್ರೆಗಿಂತ ಅಗ್ಗದ ಕ್ಲಿನಿಕ್ಕಿನ ದರಪಟ್ಟಿಯೂ ಕೈಯಲ್ಲಿತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆ ನಟಿ ಚೇತನಾ ರಾಜ್ 21ನೇ ವಯಸ್ಸಿಗೆ ತೀರಿಕೊಂಡ ಸುದ್ದಿ ಅವ್ವ ಮರೆತಿರಲಿಲ್ಲ. "ಐಸಿಯು ಐತೇನ ಕೇಳು" ಅಂದಳು. ಇದ್ದಲ್ಲಿಗೇ ಹೋದೆ. ಆ ಹೆಚ್ಚಿನ ದುಡ್ಡಿಗೆ ಕೊರಗಿಲ್ಲ.

ಕೊರಗು ಇರುವುದು ಹಂಗಾಮಿನ ಬಗ್ಗೆ. ನಮಗೆ ದೊಡ್ಡ ದುಡ್ಡು ಬರುವುದು ಊರಿನ ಸಕ್ಕರೆ ಕಾರ್ಖಾನೆ ಕಬ್ಬು ನುರಿಸಿದ ಮೇಲೆ. ಕಬ್ಬಿನ ಬಿಲ್ಲು ಕೈಸೇರಿದಾಗ ಏಪ್ರಿಲ್, ಆಪರೇಶನ್ನು ಬಿಸಿಲಿಗೇ ಬಿತ್ತು. ಆರು ವಾರ ಹಗಲೂ ರಾತ್ರಿ ಬೆಲ್ಟು ಬಿಚ್ಚಬಾರದು, ಸ್ನಾನಕ್ಕಷ್ಟೇ ಎಂದರು ಡಾಕ್ಟರು. ನಮ್ಮ ಕಡೆಯ ಬಿಸಿಲಲ್ಲಿ ಬರಿಮೈಯೇ ಉರಿಯುತ್ತದೆ. ಬೆವರಿಗೆ ದಿನವೂ ಒಗೆಯಲೇಬೇಕು, ಒಣಗುವ ತನಕ ಏನು ಕಟ್ಟಿಕೊಳ್ಳುವುದು? ಬಾಣಂತಿಗೆ ಕಟ್ಟಿದಂತೆ ಅವ್ವ ಹಳೆ ಧೋತರ ಬಿಗಿದಳು. ಗಂಟು ಹೊಲಿಗೆಯ ಮೇಲೇ ಕೂತು, ಡಾಕ್ಟರ ಬೈಗುಳ ಇಬ್ಬರಿಗೂ ಸಿಕ್ಕಿತು. ಆಮೇಲೆ ಅವರನ್ನೇ ಕೇಳಿ ಔಷಧಿ ಅಂಗಡಿಯಿಂದ 650 ರೂಪಾಯಿಯ ವೆಲ್ಕ್ರೋ ಪಟ್ಟಿ ತಂದೆ, ಒಗೆಯುವ ಹೊತ್ತಿಗೆ ಮಾತ್ರ. ಮೊದಲನೆಯದಕ್ಕೆ 3,800 ಕೊಟ್ಟಿದ್ದೆ. ಅದೇ ಅಳತೆಯ ಇನ್ನೊಂದನ್ನು ಕೊಳ್ಳದಿದ್ದುದು ಒಳ್ಳೆಯದಾಯಿತು: ಬಾವು ಇಳಿದಂತೆ ಸಡಿಲವಾಗುತ್ತದೆ. ನನ್ನದಕ್ಕೆ ಮೂರು ಸಾಲು ಹುಕ್ಕಿದ್ದವು, ಒಂದೊಂದೇ ಸಾಲು ಒಳಗೆ ಸರಿದು ಬಚಾವಾದೆ. ಕಲೆ ಅಳಿಸುತ್ತದೆಂದು ಮೊದಲೇ ಕೊಂಡಿಟ್ಟ 1,900 ರೂಪಾಯಿಯ ಎಣ್ಣೆಯನ್ನು ಡಾಕ್ಟರು ಮುಟ್ಟಗೊಡಲಿಲ್ಲ. ಈಗ ಅದು ಮಗಳ ಜಡೆಗೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ತಾಸಿಗೊಮ್ಮೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಲು ಹೇಳಿದ್ದರು. ಇಡೀ ಪಟ್ಟಿಯಲ್ಲಿ ದುಡ್ಡಿಲ್ಲದ ಔಷಧ ಅದೊಂದೇ.

ಯಾವ ದರಪಟ್ಟಿಯಲ್ಲೂ ಇರದ ಖರ್ಚು ರೊಟ್ಟಿಯದು. ಆರು ವಾರ ಕೊಡ ಎತ್ತುವಂತಿಲ್ಲ, ಬಗ್ಗಿ ರೊಟ್ಟಿ ಬಡಿಯುವಂತಿಲ್ಲ. ದಿನಕ್ಕೆ 20 ರೊಟ್ಟಿ, ಒಂದಕ್ಕೆ 7 ರೂಪಾಯಿ. 42 ದಿನಕ್ಕೆ 5,880. ಬೆಲ್ಟಿಗಿಂತ ಜಾಸ್ತಿ! ಆದರೂ ಮಾವ ದಿನಾ ತುತ್ತು ಮುರಿಯುವಾಗ ನನ್ನ ಹೊಟ್ಟೆಯತ್ತಲೇ ನೋಡುತ್ತಿದ್ದರು, ಇನ್ನೆಷ್ಟು ದಿನ ಅನ್ನುವ ಹಾಗೆ.