ಎಳೆ ಹರಿದ್ರೆ ಸೀರೆ ಬಿಚ್ಚಬೇಕಾ? ಕ್ಲೌಡ್‌ನಲ್ಲಿ ನಿಂತ ಕೆಲಸವನ್ನ ಕಡಿಮೆ ಖರ್ಚಿನಲ್ಲಿ ಮತ್ತೆ ಎಬ್ಬಿಸೋದು

ಹೋದ ಸೆಮಿಸ್ಟರ್ ನಾವು ಮೂವರು ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಹುನಗುಂದ ತಾಲ್ಲೂಕಿನ ಐಹೊಳೆಯ ಶಾಸನಗಳ ಫೋಟೋ ಕೊಟ್ಟರೆ ಹಳಗನ್ನಡ ಅಕ್ಷರ ಗುರುತಿಸುವ ಮಾಡೆಲ್. ಟ್ರೈನಿಂಗ್‌ಗೆ 20 ಗಂಟೆ ಬೇಕಿತ್ತು. ಪಾಕೆಟ್ ಮನಿ ಒಟ್ಟು ಹಾಕಿ ಕ್ಲೌಡ್‌ನಲ್ಲಿ ಒಂದು ಅಗ್ಗದ ಮಷೀನ್ ತಗೊಂಡು, ರನ್ ಕೊಟ್ಟು ಮಲಗಿದ್ವಿ. ಹದಿನೇಳನೇ ಗಂಟೆಯಲ್ಲಿ ಮಷೀನ್ ಮಾಯ. ಏನೂ ಸೇವ್ ಆಗಿರಲಿಲ್ಲ. ಸಬ್‌ಮಿಶನ್‌ಗೆ ಮೂರೇ ದಿನ ಉಳಿದಿತ್ತು.

ನಮ್ಮಲ್ಲೊಬ್ಬನ ಅಜ್ಜ ಇಳಕಲ್ಲಿನಲ್ಲಿ ಮಗ್ಗ ನಡೆಸಿದವರು. ಫೋನ್‌ನಲ್ಲಿ ಗೋಳು ಹೇಳ್ಕೊಂಡಾಗ ಅವರು ಕೇಳಿದ್ದು ಒಂದೇ ಮಾತು: "ಎಳಿ ಹರದ್ರ ಸೀರಿ ಪೂರಾ ಬಿಚ್ಚತಾರೇನಲೇ ತಮ್ಮಾ? ಗಂಟ ಹಾಕಿ ಅಲ್ಲಿಂದ ಮುಂದ ನೇಯೂದು." ಈ ಲೇಖನದ ಪಾಠ ಇಷ್ಟೇ. ಉಳಿದದ್ದು ಲೆಕ್ಕ.

ಮೊದಲು, ಯಾಕೆ ನಿಂತಿತು?

ಕೆಲಸ ನಿಲ್ಲೋದು ಮುಖ್ಯವಾಗಿ ಎರಡು ಥರ. ಒಂದು, ಮಷೀನ್ ಹೋಯ್ತು ಅಥವಾ ನೆಟ್‌ವರ್ಕ್ ಹೋಯ್ತು. ಇದಕ್ಕೆ ಮತ್ತೆ ಶುರು ಮಾಡಿದರೆ ಸಾಕು. ಎರಡು, ನಮ್ಮ ಕೋಡ್‌ನಲ್ಲೇ ತಪ್ಪು. ಇದನ್ನ ನೂರು ಸಲ ಓಡಿಸಿದರೂ ಅದೇ ಸಾಲಿನಲ್ಲಿ ಬೀಳತ್ತೆ, ಬಿಲ್ ಮಾತ್ರ ಏರತ್ತೆ. ಅದಕ್ಕೇ ಆಟೋಮ್ಯಾಟಿಕ್ ರೀಟ್ರೈ ಹಾಕುವಾಗ ಒಂದು ಮಿತಿ ಇಡಬೇಕು: ಮೂರು ಸಲ, ಪ್ರತಿ ಸಲ ಹಿಂದಿನದಕ್ಕಿಂತ ಜಾಸ್ತಿ ಹೊತ್ತು ಕಾದು. ಆಮೇಲೆ ನಿಲ್ಲಿಸಿ, ನಮಗೊಂದು ಮೆಸೇಜ್ ಬರೋ ಹಾಗೆ ಮಾಡಬೇಕು.

ಅಗ್ಗದ ಮಷೀನ್ ಯಾಕೆ ಅಗ್ಗ?

ಕ್ಲೌಡ್ ಕಂಪನಿಗಳ ಹತ್ತಿರ ಖಾಲಿ ಬಿದ್ದಿರೋ ಮಷೀನ್‌ಗಳನ್ನ 'ಸ್ಪಾಟ್' ಅಂತ ಕಡಿಮೆ ದರಕ್ಕೆ ಕೊಡ್ತಾರೆ. ಕೆಲವೊಮ್ಮೆ ರಿಯಾಯಿತಿ ಶೇ. 90ರವರೆಗೂ ಹೋಗತ್ತೆ. ಷರತ್ತು ಏನಂದ್ರೆ, ಅವರಿಗೆ ಬೇಕಾದಾಗ ವಾಪಸ್ ಕಿತ್ಕೊಳ್ತಾರೆ. ಎಡಬ್ಲ್ಯೂಎಸ್‌ನಲ್ಲಿ 2 ನಿಮಿಷ ಮುಂಚೆ ಸೂಚನೆ ಬರತ್ತೆ. ಗೂಗಲ್ ಮತ್ತು ಅಜೂರ್‌ನಲ್ಲಿ ಸುಮಾರು 30 ಸೆಕೆಂಡ್. ನಮ್ಮ ಮಾಡೆಲ್ ಸೇವ್ ಆಗೋದಕ್ಕೇ 3 ನಿಮಿಷ ಬೇಕು. ಅಂದ್ರೆ ಸೂಚನೆ ನಂಬಿ ಕೂರೋ ಹಾಗಿಲ್ಲ, ಮುಂಚಿನಿಂದಲೇ ಗಂಟು ಹಾಕ್ತಾ ಬರಬೇಕು. ಈ ಗಂಟಿಗೆ 'ಚೆಕ್‌ಪಾಯಿಂಟ್' ಅಂತಾರೆ.

ಎಷ್ಟು ಹೊತ್ತಿಗೊಮ್ಮೆ ಸೇವ್ ಮಾಡಬೇಕು?

ಪದೇ ಪದೇ ಮಾಡಿದರೆ ಸೇವ್ ಮಾಡೋದ್ರಲ್ಲೇ ಟೈಮ್ ಹೋಗತ್ತೆ. ಅಪರೂಪಕ್ಕೆ ಮಾಡಿದರೆ ಬಿದ್ದಾಗ ಜಾಸ್ತಿ ನಷ್ಟ. ಇದಕ್ಕೆ 1974ರಲ್ಲಿ ಜಾನ್ ಯಂಗ್ ಒಂದು ಸುಲಭ ಸೂತ್ರ ಕೊಟ್ಟಿದ್ದಾರೆ:

ಅಂತರ = √(2 × ಸೇವ್‌ಗೆ ಬೇಕಾದ ಸಮಯ × ಎರಡು ವೈಫಲ್ಯಗಳ ನಡುವಿನ ಸರಾಸರಿ ಸಮಯ)

ಸೇವ್‌ಗೆ 3 ನಿಮಿಷ, ಸರಾಸರಿ 10 ಗಂಟೆಗೊಮ್ಮೆ (600 ನಿಮಿಷ) ಮಷೀನ್ ಹೋಗತ್ತೆ ಅಂತ ಇಟ್ಕೊಳ್ಳೋಣ. √(2 × 3 × 600) = √3600 = 60 ನಿಮಿಷ. ಗಂಟೆಗೊಂದು ಗಂಟು.

ಈಗ ದುಡ್ಡು. ಲೆಕ್ಕಕ್ಕೆ ಪೂರ್ತಿ ದರ ಗಂಟೆಗೆ ರೂ. 100, ಸ್ಪಾಟ್ ದರ ರೂ. 30 ಅನ್ನೋಣ.

- ಪೂರ್ತಿ ದರದ ಮಷೀನ್: 20 ಗಂಟೆ, ರೂ. 2,000.
- ಸ್ಪಾಟ್, ಗಂಟೆಗೊಂದು ಚೆಕ್‌ಪಾಯಿಂಟ್: ಕೆಲಸ 20 ಗಂಟೆ, ಸೇವ್‌ಗೆ 1 ಗಂಟೆ, ಎರಡು ಸಲ ಬಿದ್ದರೆ ಸರಾಸರಿ ಅರ್ಧರ್ಧ ಗಂಟೆಯ ನಷ್ಟ, ಮತ್ತೆ ಶುರುವಾಗೋಕೆ ತಲಾ 10 ನಿಮಿಷ. ಒಟ್ಟು 22 ಗಂಟೆ 20 ನಿಮಿಷ, ರೂ. 670.
- ಸ್ಪಾಟ್, ಚೆಕ್‌ಪಾಯಿಂಟ್ ಇಲ್ಲದೆ: 20 ಗಂಟೆ ಒಂದೇ ಉಸಿರಿನಲ್ಲಿ ಮುಗಿಯೋ ಸಾಧ್ಯತೆ ಏಳರಲ್ಲಿ ಒಂದು. ವೈಫಲ್ಯಗಳು ಯಾವಾಗ ಬೇಕಾದರೂ ಬರಬಹುದು ಅಂತ ಲೆಕ್ಕ ಹಾಕಿದರೆ, ಮುಗಿಯೋಕೆ ಸರಾಸರಿ ಸುಮಾರು 64 ಗಂಟೆ. ಖರ್ಚು ರೂ. 1,900ಕ್ಕೂ ಮೇಲೆ.

ಮೂರನೇ ಸಾಲು ನೋಡಿ ನಾವು ತಲೆ ಮೇಲೆ ಕೈ ಹೊತ್ವಿ. ಚೆಕ್‌ಪಾಯಿಂಟ್ ಇಲ್ಲದಿದ್ದರೆ ಸಿಕ್ಕ ರಿಯಾಯಿತಿ ಬಹುತೇಕ ಪೂರ್ತಿ ಕರಗಿ ಹೋಗತ್ತೆ.

ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ

ಒಂದು ಕಡೆ ಮಷೀನ್ ಸಿಗದಿದ್ದರೆ ಇನ್ನೊಂದು ಕ್ಲೌಡ್‌ಗೆ ಹೋಗಬಹುದು. ಆದರೆ ಡೇಟಾ ಒಳಗೆ ಹಾಕೋದಕ್ಕೆ ಸಾಮಾನ್ಯವಾಗಿ ಶುಲ್ಕ ಇರಲ್ಲ, ಹೊರಗೆ ತೆಗೆಯೋದಕ್ಕೆ ಇರತ್ತೆ. ಒಂದು ಜಿಬಿಗೆ ರೂ. 8 ಅಂದ್ಕೊಂಡರೆ, 200 ಜಿಬಿ ಡೇಟಾಸೆಟ್ ಸಾಗಿಸೋಕೆ ರೂ. 1,600. ಉಳಿಸಿದ್ದೆಲ್ಲ ಅಲ್ಲೇ ಹೋಯ್ತು! 2 ಜಿಬಿ ಚೆಕ್‌ಪಾಯಿಂಟ್‌ಗೆ ಮಾತ್ರ ರೂ. 16.

ಆದ್ದರಿಂದ ಡೇಟಾಸೆಟ್‌ನ್ನ ಮೊದಲೇ ನಮ್ಮ ಹಾರ್ಡ್ ಡಿಸ್ಕ್‌ನಿಂದ ಎರಡೂ ಕಡೆ ಅಪ್‌ಲೋಡ್ ಮಾಡಿಡಬೇಕು. ಎರಡು ಕಡೆಯ ಸ್ಟೋರೇಜ್ ಬಾಡಿಗೆ ಬರತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಆಮೇಲೆ ಚೆಕ್‌ಪಾಯಿಂಟ್ ಮಾತ್ರ 5 ಗಂಟೆಗೊಮ್ಮೆ ಆಚೆ ಕಳಿಸಿದರೆ, ನಾಲ್ಕು ಸಲಕ್ಕೆ ರೂ. 64. ಇಡೀ ಕ್ಲೌಡ್ ಕೈಕೊಟ್ಟರೂ ಕಳ್ಕೊಳ್ಳೋದು ಹೆಚ್ಚೆಂದರೆ ಸುಮಾರು 5 ಗಂಟೆ, ರೂ. 150ರ ಕೆಲಸ.

ಇಡೀ ಕ್ಲೌಡ್ ಕೈಕೊಡತ್ತಾ? 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನೋ ಪಿಂಚಣಿ ಸಂಸ್ಥೆಗೆ ಹೀಗೇ ಆಯ್ತು. ಗೂಗಲ್ ಕ್ಲೌಡ್‌ನಲ್ಲಿ ಸೆಟಪ್ ಮಾಡುವಾಗ ಒಂದು ಜಾಗ ಖಾಲಿ ಬಿಟ್ಟಿದ್ದರಿಂದ ಅವರ ಪ್ರೈವೇಟ್ ಕ್ಲೌಡ್ ತಾನಾಗೇ ಅಳಿಸಿಹೋಯ್ತು. 5 ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರದಷ್ಟು ಕಾಲ ತಮ್ಮ ಖಾತೆ ನೋಡೋ ಹಾಗಿರಲಿಲ್ಲ. ಮತ್ತೆ ಎಬ್ಬಿಸೋಕೆ ನೆರವಾದದ್ದರಲ್ಲಿ ಬೇರೆ ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್ ಕೂಡ ಒಂದು.

ಗಂಟು ಹಾಕುವಾಗ ನೆನಪಿರಲಿ

1. ಚೆಕ್‌ಪಾಯಿಂಟ್ ಆ ಮಷೀನ್‌ನ ಡಿಸ್ಕ್‌ನಲ್ಲೇ ಇರಬಾರದು. ಮಷೀನ್ ಜೊತೆ ಅದೂ ಹೋಗಬಹುದು.
2. ಮೊದಲು ಬೇರೆ ಹೆಸರಲ್ಲಿ ಬರೆದು, ಪೂರ್ತಿ ಆದ ಮೇಲೆ ಹೆಸರು ಬದಲಿಸಿ. ಅರ್ಧ ಬರೆದ ಫೈಲ್ ಅರ್ಧ ಹಾಕಿದ ಗಂಟಿದ್ದ ಹಾಗೆ.
3. ಮಾಡೆಲ್ ಜೊತೆ ಆಪ್ಟಿಮೈಸರ್, ಎಪಾಕ್ ನಂಬರ್, ರ‍್ಯಾಂಡಮ್ ಸೀಡ್ ಎಲ್ಲಾ ಸೇವ್ ಆಗಲಿ.
4. ಕೆಲಸವನ್ನ ಕಂಟೇನರ್‌ನಲ್ಲಿ ಕಟ್ಟಿಡಿ. ಆಗ ಎರಡೂ ಕ್ಲೌಡ್‌ನಲ್ಲಿ ಒಂದೇ ಥರ ಓಡತ್ತೆ.
5. ಬೇಕಂತಲೇ ಒಂದು ಸಲ ಮಷೀನ್ ಆಫ್ ಮಾಡಿ ನೋಡಿ. ಪರೀಕ್ಷೆ ಮಾಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಸೆರಗಿನ ಹಾಸು ಬೇರೆ ಬೇರೆ. ಅವೆರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸ್ತಾರೆ. ಅಂದ್ರೆ ಜೋಡಣೆ ಎಲ್ಲಿ ಅಂತ ನೇಯೋ ಮೊದಲೇ ಯೋಚನೆ ಮಾಡಿರ್ತಾರೆ. ನಾವು ಕೆಟ್ಟ ಮೇಲೆ ಯೋಚನೆ ಮಾಡಿದ್ವಿ, ವ್ಯತ್ಯಾಸ ಅಷ್ಟೇ.

ನಮ್ಮ ಎರಡನೇ ರನ್ ಕೂಡ ನಡುವೆ ಒಂದು ಸಲ ಬಿತ್ತು. ಈ ಸಲ ಕಳ್ಕೊಂಡದ್ದು ನಲವತ್ತು ನಿಮಿಷ. ಸಬ್‌ಮಿಶನ್ ಹಿಂದಿನ ರಾತ್ರಿ ನಾವು ಮೂವರೂ ನಿದ್ದೆ ಮಾಡಿದ್ವಿ.