ಉಳಿ ಹಿಡಿದ ಎಡ್ಮೋನಿಯಾ ಲೂಯಿಸ್

ಸಹಪಾಠಿಗಳೇ, ಶಿಲ್ಪಿ ಅಂದ ಕೂಡಲೇ ನಮ್ಮ ಮನಸ್ಸಿಗೆ ಗಂಡಸರೇ ಬರುತ್ತಾರೆ, ಅಲ್ವಾ? ಅದಕ್ಕೇ ಈ ಸಲ ನಾನು ಅಮೆರಿಕದ ಎಡ್ಮೋನಿಯಾ ಲೂಯಿಸ್ ಎಂಬಾಕೆಯ ವಿಷಯ ಬರೆಯುತ್ತಿದ್ದೇನೆ.

ಆಕೆ ಸುಮಾರು 1844ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದಳು. ತಂದೆ ಕಪ್ಪು ಜನಾಂಗದವರು, ತಾಯಿ ಅಲ್ಲಿನ ಮೂಲನಿವಾಸಿ ಒಜಿಬ್ವೆ ಬುಡಕಟ್ಟಿನವರು. ಚಿಕ್ಕಂದಿನಲ್ಲೇ ಇಬ್ಬರೂ ತೀರಿಕೊಂಡರು. ತಾಯಿಯ ಕಡೆಯವರು ಸಾಕಿದರು. ನಯಾಗರಾ ಜಲಪಾತ ನೋಡಲು ಬಂದವರಿಗೆ ಬುಟ್ಟಿ, ಚರ್ಮದ ಪಾದರಕ್ಷೆ ಮಾರಿ ಅವರ ಜೀವನ ನಡೆಯುತ್ತಿತ್ತು. ಅಣ್ಣ ದೂರದ ಪಶ್ಚಿಮಕ್ಕೆ ದುಡಿಯಲು ಹೋಗಿ ತಂಗಿಯನ್ನು ಓದಿಸಿದ.

1859ರಲ್ಲಿ ಆಕೆ ಓಬರ್ಲಿನ್ ಕಾಲೇಜಿಗೆ ಸೇರಿದಳು. ಕಪ್ಪು ಜನರನ್ನೂ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದ ಕಾಲೇಜು ಅದು. ಅಲ್ಲಾದರೂ ನೆಮ್ಮದಿ ಇತ್ತೇ? ಇರಲಿಲ್ಲ. 1862ರಲ್ಲಿ ಆಕೆ ಕೊಟ್ಟ ಪಾನೀಯ ಕುಡಿದು ಇಬ್ಬರು ಬಿಳಿಯ ಗೆಳತಿಯರು ಕಾಯಿಲೆ ಬಿದ್ದರು. ವಿಷ ಹಾಕಿದಳು ಅಂತ ಆರೋಪ ಬಂತು. ವಿಚಾರಣೆಗೆ ಮೊದಲೇ ಜನ ಆಕೆಯನ್ನು ಎಳೆದೊಯ್ದು, ಹೊಡೆದು, ಚಳಿಯಲ್ಲಿ ಹೊಲದಲ್ಲೇ ಬಿಟ್ಟುಹೋದರು. ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಎಂಬ ಕಪ್ಪು ವಕೀಲರು ಆಕೆಯ ಪರ ವಾದಿಸಿದರು. ವಿಷಕ್ಕೆ ಸಾಕ್ಷಿಯೇ ಇರಲಿಲ್ಲ, ಮೊಕದ್ದಮೆ ಬಿದ್ದುಹೋಯಿತು.

ಆಮೇಲೆ ಬಾಸ್ಟನ್‌ನಲ್ಲಿ ಎಡ್ವರ್ಡ್ ಬ್ರಾಕೆಟ್ ಎಂಬ ಶಿಲ್ಪಿಯ ಹತ್ತಿರ ಕೆಲಸ ಕಲಿತಳು. ಕಪ್ಪು ಸೈನಿಕರ ದಳವನ್ನು ಮುನ್ನಡೆಸಿ 1863ರಲ್ಲಿ ಯುದ್ಧದಲ್ಲಿ ಮಡಿದ ಕರ್ನಲ್ ಶಾ ಅವರ ಎದೆಮಟ್ಟದ ಮೂರ್ತಿ ಮಾಡಿ, ಅದರ ಪ್ಲಾಸ್ಟರ್ ಪ್ರತಿಗಳನ್ನು ಮಾರಿದಳು. ಆ ದುಡ್ಡಲ್ಲೇ ಇಟಲಿಗೆ ಹೋಗಿ ರೋಮ್ ಪಟ್ಟಣದಲ್ಲಿ ನೆಲೆಸಿದಳು.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಕೆಲಸದ ರೀತಿ. ಆಗ ಶಿಲ್ಪಿಗಳು ಜೇಡಿಮಣ್ಣಿನಲ್ಲಿ ರೂಪ ಮಾಡಿ, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು. ಅಮೃತಶಿಲೆಯನ್ನು ಕೆತ್ತುವವರು ಕೂಲಿಗೆ ಬಂದ ಇಟಲಿಯ ಕುಶಲಿಗಳು. ಹೆಸರು ಮಾತ್ರ ಶಿಲ್ಪಿಯದು! ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಎಡ್ಮೋನಿಯಾ ಮಾತ್ರ ಕಲ್ಲಿನ ಕೆಲಸವನ್ನೂ ಹೆಚ್ಚಾಗಿ ತಾನೇ ಮಾಡುತ್ತಿದ್ದಳು. ಕಪ್ಪು ಹುಡುಗಿ, ಇದನ್ನೆಲ್ಲ ಬೇರೆಯವರು ಮಾಡಿಕೊಟ್ಟಿದ್ದು ಅಂತ ಜನ ಆಡಿಕೊಂಡಾರು ಎಂಬ ಶಂಕೆ ಆಕೆಗೆ. 1867ರ ‘ಎಂದೆಂದಿಗೂ ಸ್ವತಂತ್ರರು’ ಶಿಲ್ಪದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಗಂಡಸು ತುಂಡಾದ ಸರಪಳಿಯ ಕೈ ಎತ್ತಿ ನಿಂತಿದ್ದಾನೆ, ಪಕ್ಕದಲ್ಲಿ ಹೆಂಗಸು ಮಂಡಿಯೂರಿದ್ದಾಳೆ.

1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನಕ್ಕೆ ‘ಕ್ಲಿಯೋಪಾತ್ರಳ ಮರಣ’ ಕಳಿಸಿದಳು. ತೂಕ 1,300 ಕಿಲೋಗೂ ಹೆಚ್ಚು, ಅಂದರೆ ಹದಿಮೂರು ಕ್ವಿಂಟಾಲ್ ಮೇಲೆ! ಸಿಂಹಾಸನದ ಮೇಲೆ ತಲೆ ವಾಲಿಸಿ ಸತ್ತುಹೋದ ರಾಣಿಯನ್ನು ನೋಡಿ ಕೆಲವರು ಹೊಗಳಿದರು, ಕೆಲವರು ಬೆಚ್ಚಿದರು. ಕೊಳ್ಳುವವರು ಸಿಗಲಿಲ್ಲ. ಮುಂದೆ ಆ ಶಿಲ್ಪ ಷಿಕಾಗೋದ ಒಂದು ಹೆಂಡದಂಗಡಿಯಲ್ಲಿತ್ತು. ಆಮೇಲೆ ಕ್ಲಿಯೋಪಾತ್ರ ಅನ್ನೋ ಹೆಸರಿನ ಒಂದು ರೇಸ್ ಕುದುರೆಯ ಸಮಾಧಿ ಕಲ್ಲಾಯಿತು! ವರ್ಷಗಟ್ಟಲೆ ಮಳೆ, ಹಿಮ. ಕೊನೆಗೆ ಗುತ್ತಿಗೆದಾರರ ಸಾಮಾನಿನ ಅಂಗಳ. ಅಲ್ಲಿ ಸ್ಕೌಟ್ ಹುಡುಗರು ಒಳ್ಳೆಯದಾಗಲಿ ಅಂತಲೇ ಅದಕ್ಕೆ ಬಣ್ಣ ಬಳಿದರು.

ಎಡ್ಮೋನಿಯಾ 1907ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಕ್ಲಿಯೋಪಾತ್ರ 1994ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಕಲಾ ಸಂಗ್ರಹಾಲಯ ಸೇರಿತು. ಬಣ್ಣ ತೆಗೆದು, ಸವೆದ ಮೂಗು, ಗದ್ದ, ಕೈಗಳನ್ನು ಸರಿಪಡಿಸಿದ್ದಾರೆ. ಆಕೆ ಕೆತ್ತಿದ ಇನ್ನೂ ಎಷ್ಟೋ ಕಲ್ಲುಗಳು ಎಲ್ಲಿವೆಯೋ, ಪತ್ತೆಯಾಗಿಲ್ಲ.