ಸಂವಿಧಾನದ ಅರ್ಥವಿವರಣೆ: ಮೂಲ್ಕಿ ದೇವಾಲಯದ ಮೊಕದ್ದಮೆ

ಸಂವಿಧಾನದ ಎರಡು ಅನುಚ್ಛೇದಗಳು ಪರಸ್ಪರ ವಿರುದ್ಧವೆಂದು ತೋರಿದಲ್ಲಿ, ಯಾವೊಂದೂ ನಿರರ್ಥಕವಾಗದಂತೆ ನ್ಯಾಯಾಲಯವು ಅವುಗಳನ್ನು ಹೊಂದಿಸಿ ಅರ್ಥೈಸುತ್ತದೆ. ದಕ್ಷಿಣ ಕನ್ನಡದ ಮೂಲ್ಕಿಯ ಶ್ರೀ ವೆಂಕಟರಮಣ ದೇವಾಲಯದ ಮೊಕದ್ದಮೆ ಇದಕ್ಕೆ ಪ್ರಮುಖ ನಿದರ್ಶನ.

1947ರ ಮದರಾಸು ದೇವಾಲಯ ಪ್ರವೇಶ ಕಾಯಿದೆಯು ದಲಿತರಿಗೂ ದೇವಾಲಯ ಪ್ರವೇಶದ ಹಕ್ಕನ್ನು ನೀಡಿತು. ಈ ದೇವಾಲಯ ಗೌಡ ಸಾರಸ್ವತ ಬ್ರಾಹ್ಮಣ ಪಂಗಡದ್ದು. ಯಾರಿಗೆ ಪ್ರವೇಶವೆಂಬ ಧಾರ್ಮಿಕ ವಿಷಯವನ್ನು ನಿರ್ಧರಿಸುವ ಹಕ್ಕು 26ನೆಯ ಅನುಚ್ಛೇದದಂತೆ ಪಂಗಡಕ್ಕೇ ಸೇರಿದೆಯೆಂದು ಧರ್ಮದರ್ಶಿಗಳು ವಾದಿಸಿದರು. ಆದರೆ ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಕಾನೂನಿಗೆ 25ನೆಯ ಅನುಚ್ಛೇದವು ಅವಕಾಶ ನೀಡಿದೆ.

ಪಂಗಡದ ಹಕ್ಕು ಇಂತಹ ಕಾನೂನಿಗೆ ಅಧೀನವೆಂದು ಸರ್ವೋಚ್ಚ ನ್ಯಾಯಾಲಯವು 1957ರ ನವೆಂಬರ್ 8ರಂದು ತೀರ್ಪಿತ್ತಿತು. ಕೆಲವು ವಿಶೇಷ ಸೇವೆಗಳನ್ನು ಪಂಗಡದವರಿಗೇ ಮೀಸಲಿಡಬಹುದೆಂದೂ, ಅದರಿಂದ ಸಾರ್ವಜನಿಕರ ಪ್ರವೇಶದ ಹಕ್ಕು ಹೆಸರಿಗಷ್ಟೇ ಉಳಿಯುವಂತಾಗಬಾರದೆಂದೂ ಅದು ಸ್ಪಷ್ಟಪಡಿಸಿತು.